ಅತ್ತೆ ಒರೆಸಿದ ಎಲೆ

ಪಾಲಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಮೀನಿನ ತೊಟ್ಟಿ ಇಡಬೇಕೆಂಬುದು ನನ್ನೊಬ್ಬಳ ಹಟ. ಮದುವೆಯಾಗಿ ಬಂದ ಮೇಲೆ ಆ ಮನೆಗೆ ನಾನು ಇಷ್ಟಪಟ್ಟು ತಂದ ಮೊದಲ ವಸ್ತು ಅದು. ಉಳಿದದ್ದೆಲ್ಲ, ಗಂಡನೂ ಸೇರಿ, ಮೊದಲೇ ಅಲ್ಲಿತ್ತು. ಪ್ಲಾಸ್ಟಿಕ್ ಗಿಡ ಬೇಡವೆಂದು ಶ್ರೀರಂಗಪಟ್ಟಣದ ಅಂಗಡಿಯಿಂದ ಜೀವಂತ ಗಿಡವನ್ನೇ ತಂದಿದ್ದೆ. ಮರದ ತುಂಡಿಗೆ ಬೇರು ಕಚ್ಚಿಕೊಂಡು ನೀರೊಳಗೇ ಬೆಳೆಯುವ, ದಪ್ಪ ಹಸಿರೆಲೆಯ ಗಿಡ.

ಕೆಲವೇ ವಾರಗಳಲ್ಲಿ ಎಲೆಗಳ ಮೇಲೆಲ್ಲ ಕಂದು ಪಾಚಿ ಕೂತಿತು. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಏನವ್ವ ಇದು, ಸಗಣಿ ಬಳ್ದಂಗದೆ! ಉಗಾದಿಗೆ ಮನೆಗೆ ಸುಣ್ಣ ಬಳಿಯೋ ಒತ್ಗೆ ಇದು ಅಸನಾಗದಿದ್ರೆ ಸೀದಾ ಕೊಟ್ಟಿಗೆಗೋಯ್ತದೆ. ಎಮ್ಮೆಯಾದ್ರೂ ನೀರು ಕುಡೀತದೆ."

ನನ್ನ ಗಂಡ ಎಂದಿನಂತೆ ಇಬ್ಬರ ಕಡೆಗೂ ತಲೆಯಾಡಿಸಿದ.

ಅಂಗಡಿಯವನಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. "ಒಸಾ ತೊಟ್ಟೀಲಿ ಅದು ಬಂದೇ ಬತ್ತದೆ ಕಣಕ್ಕ. ಆಗಾಗ ಸ್ವಲ್ಪ ನೀರು ಬದಲಾಯ್ಸಿ, ಮೀನಿಗೆ ಊಟ ಕಮ್ಮಿ ಆಕಿ, ಎಲೆ ಒರುಸ್ತಾ ಇರಿ. ಬತ್ತಾ ಬತ್ತಾ ತಾನೇ ಓಯ್ತದೆ," ಎಂದ. ನೀರು, ಊಟ ಎರಡೂ ಸುಲಭ. ಎಲೆ ಒರೆಸುವುದೇ ಪ್ರಾಣಸಂಕಟ. ಒಂದೊಂದನ್ನೂ ಎರಡೂ ಮಗ್ಗುಲು ಹರಿಯದಂತೆ ಒರೆಸಬೇಕು, ಮತ್ತೆ ಪಾಚಿ ಬಂದರೆ ಮತ್ತೆ ಒರೆಸಬೇಕು. ತಾಳ್ಮೆಗೂ ನನಗೂ ಆಗಿಬರುವುದಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಅತ್ತೆಯ ಕೈ. ಊಟವಾದ ಮೇಲೆ ಅವರು ವೀಳ್ಯದೆಲೆಯನ್ನು ಸೆರಗಿಗೆ ಒರೆಸುವ ಚೆಂದವೇ ಬೇರೆ. ಮುಂದೊಮ್ಮೆ, ಹಿಂದೊಮ್ಮೆ, ಎಲೆ ಫಳಫಳ. ಅವರಿಗೆ ಬೆಣ್ಣೆ ಹಚ್ಚಲು ಹೊರಟೆ.

"ಅತ್ತೆ, ನಾನು ಒರೆಸಿದ್ರೆ ಎಲೆ ಅರಿದೇ ಓಯ್ತದೆ. ನಿಮ್ಮ ಕೈ ಹದ ನನಗೆಲ್ಲಿ ಬರಬೇಕು?"

"ಅದು ಈಗ್ ಗೊತ್ತಾಯ್ತಾ ನಿಂಗೆ?" ಎಂದು ಬೀಗಿದರು.

ಮರದ ತುಂಡನ್ನು ಗಿಡದ ಸಮೇತ ಎತ್ತಿ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಕೈಗೆ ಕೊಟ್ಟೆ. ಅಂದಿನಿಂದ ಸಂಜೆ ಧಾರಾವಾಹಿ ನೋಡುತ್ತ ಅತ್ತೆ ಎಲೆ ಒರೆಸುವುದು, ನಾನು ಕಾಲು ಚಾಚಿ ಕೂರುವುದು. ಪಾಚಿ ಕಡಿಮೆಯಾಗುತ್ತ ಬಂತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಯುಗಾದಿ ಹತ್ತಿರ ಬಂತು. ಮರುದಿನ ಸುಣ್ಣ ಬಳಿಯುವವರು ಬರಬೇಕು. ಆ ಸಂಜೆಯ ಧಾರಾವಾಹಿಯಲ್ಲಿ ಸೊಸೆಯೊಬ್ಬಳು ಅತ್ತೆಯ ಹಾಲಿಗೆ ವಿಷ ಬೆರೆಸುತ್ತಿದ್ದಳು. ನಮ್ಮ ಅತ್ತೆಯ ಕಣ್ಣು ಟೀವಿಯಲ್ಲಿ, ಕೈ ತಟ್ಟೆಯಲ್ಲಿ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಆ ಕೈ ಬರೀ ಒರೆಸುವುದಕ್ಕೆ ನಿಂತಿರಲಿಲ್ಲ. ಒಂದೊಂದೇ ಎಲೆ ಕಿತ್ತು, ತೊಟ್ಟು ಮುರಿದು, ತುದಿ ಚಿವುಟಿ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು. ಮರದ ಮೇಲೆ ಉಳಿದದ್ದು ಬೋಳು ಗೆಡ್ಡೆ. ಒಂದೆಲೆಗಂತೂ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೂ ಹಾಕಿಕೊಂಡಿದ್ದರು.

"ಇದ್ಯಾಕವ್ವ, ಇವತ್ತು ಎಲೆ ಮೀನಿನ ವಾಸ್ನೆ ಒಡೀತದೆ?" ಎಂದು ಅಗಿಯುತ್ತಲೇ ಕೇಳಿದರು.

ಆಮೇಲೆ ತಟ್ಟೆ ನೋಡಿದರು. ನೋಡಿದ್ದೇ ಬಚ್ಚಲಿಗೆ ಓಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ನಿಜವಾಗಿ ಅಳು ಬಂತು. ಗಿಡವೂ ಹೋಯಿತು, ಇನ್ನು ತೊಟ್ಟಿಯೂ ಹೋಗುತ್ತದೆ ಎಂದು ಸಂಕಟವಾಯಿತು.

ಬೆಳಿಗ್ಗೆ ನನ್ನ ಗಂಡ ತೊಟ್ಟಿಯ ಮುಂದೆ ತೋಳು ಮಡಿಸಿ ನಿಂತ. "ಅವ್ವ, ಎಲೆನೇ ಇಲ್ವಲ್ಲ. ಕೊಟ್ಟಿಗೇಲಿ ಮಡಗ್ಬುಡ್ಲಾ?"

ಅತ್ತೆ ದಡಬಡನೆ ಬಂದು ಅಡ್ಡ ನಿಂತರು. "ಮುಟ್ಟೀಯ, ಉಷಾರ್ ಕಣ್ಲಾ! ಗೆಡ್ಡೆ ಇನ್ನೂ ಜೀವ ಇಡ್ಕಂಡದೆ. ಕಿತ್ತೋಳು ನಾನು, ಚಿಗುರ್ಸೋಳೂ ನಾನೇ."

ಸುತ್ತ ಗೋಡೆಗೆಲ್ಲ ಸುಣ್ಣ ಬಿತ್ತು. ತೊಟ್ಟಿ ಅತ್ತೆಯ ಹಳೆ ಸೀರೆ ಹೊದ್ದುಕೊಂಡು ಇದ್ದಲ್ಲೇ ಇತ್ತು. ನೀರು ಬದಲಾಯಿಸುವುದು, ಮೀನಿಗೆ ಊಟ ಹಾಕುವುದು, ತೊಟ್ಟಿಯ ದೀಪ ಆರಿಸುವುದು, ಎಲ್ಲವನ್ನೂ ಅವರೇ ವಹಿಸಿಕೊಂಡರು. ಹಬ್ಬ ಕಳೆದು ಎಷ್ಟೋ ದಿನದ ಮೇಲೆ ಗೆಡ್ಡೆಯಲ್ಲಿ ಉಗುರಿನಷ್ಟು ಎಲೆ ಕಂಡಿತು. ಖುಷಿ ತಡೆಯಲಾರದೆ ಮುಟ್ಟಲು ನೀರಿಗೆ ಕೈ ಹಾಕಿದೆ. ಹಿಂದಿನಿಂದ ಮೊಣಕೈಗೆ ಚಟ್ಟನೆ ಏಟು ಬಿತ್ತು.

"ತೆಗಿ ಕೈಯ! ಅದು ನಂದು, ಎಳೆ ಚಿಗುರು."

ಪಕ್ಕದ ಮನೆಯವರು ಬಂದು, ಇದು ಯಾರದ್ದು ಇಷ್ಟು ಚೆಂದದ ತೊಟ್ಟಿ ಎಂದು ಕೇಳಿದಾಗಲೂ ಅತ್ತೆ ಕಣ್ಣು ಮಿಟುಕಿಸದೆ, "ಇನ್ಯಾರ್ದು? ನಂದೇಯ," ಎಂದರು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ತೊಟ್ಟಿ ನಡುಮನೆಯಲ್ಲೇ ಉಳಿಯಿತು. ಆದರೆ ಈಗ ಮೀನಿಗೆ ಒಂದು ಚಿಟಿಕೆ ಊಟ ಹಾಕಬೇಕೆಂದರೂ ನಾನು ಅವರನ್ನು ಕೇಳಬೇಕು.