ಐದನೆಯ ಬಾಲಮುತ್ತೈದೆ

ನೀಲವ್ವ, ನಿನ್ನ ಗುಟ್ಟು ಬಯಲು ಮಾಡಿದವಳು ಸಾವಿತ್ರಿಯಲ್ಲ. ನಾನು. ನೀನು ಇಂದಿಗೂ ಬಾಯ್ತುಂಬ ‘ಅಕ್ಕಾ’ ಎಂದು ಕರೆಯುವ ನಾನೇ.

ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಎಷ್ಟೋ ಸಲ ಬಾಯಿ ತೆರೆದಿದ್ದೆ, ಮತ್ತೆ — ಇರಲಿ. ಇಂದು ಮೊದಲು ಬರೆದುಬಿಡುತ್ತೇನೆ.

ಬೇವೂರಿನ ನಮ್ಮ ಓಣಿಯ ಅಂಗನವಾಡಿಯಲ್ಲಿ ಶನಿವಾರ ಮಧ್ಯಾಹ್ನ ನಾನು ಕಿಶೋರಿಯರ ಸಭೆ ನಡೆಸುತ್ತಿದ್ದದ್ದು ನಿನಗೆ ನೆನಪಿದೆ. ಹರೆಯ ಅಂದರೇನು, ಮುಟ್ಟು ಯಾಕೆ ಬರುತ್ತದೆ, ಹದಿನೆಂಟಕ್ಕೆ ಮೊದಲು ಮದುವೆ ಯಾಕೆ ಬೇಡ — ಚಿತ್ರ ತೋರಿಸಿ ಹೇಳುತ್ತಿದ್ದೆ. ನೀವು ವೇಲಿನಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಗುತ್ತಿದ್ದಿರಿ. ‘ಮುಟ್ಟು ಮೈಲಿಗೆ ಅಲ್ಲ’ ಎಂದು ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದೆ. ಕೊನೆಗೆ, “ನೀವು ಹೇಳಿದ್ದು ನನ್ನ ಹೊಟ್ಟ್ಯಾಗ ಇರತೈತ್ರೆವ್ವಾ” ಎನ್ನುತ್ತಿದ್ದೆ. ಅದನ್ನು ಪೂರಾ ನಂಬಿದವಳು ನೀನು.

ಒಂದು ಶನಿವಾರ ಎಲ್ಲರೂ ಹೋದ ಮೇಲೆ ನೀನು ಬಾಗಿಲ ಮರೆಯಲ್ಲಿ ನಿಂತೆ. “ಅಕ್ಕಾ, ನಾ ದೊಡ್ಡಾಕಿ ಆಗೇನಿ. ಅವ್ವಗ ಹೇಳಬ್ಯಾಡ. ಗೊತ್ತಾದ್ರ ಮಾವಗ ಕೊಟ್ಟಬಿಡ್ತಾರ.” ಏಳನೇ ಇಯತ್ತೆಯ ಹುಡುಗಿ. ನೀನು ಮೈನೆರೆದರೆ ಸಾಕು, ನಿನ್ನ ಸೋದರಮಾವ ತಾಳಿ ತರುತ್ತಾನೆ ಎನ್ನುವುದು ಇಡೀ ಓಣಿಗೆ ಗೊತ್ತಿದ್ದ ಮಾತು. ನಿನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಪ್ಯಾಡುಗಳನ್ನು ಅಂಗನವಾಡಿಯ ರವೆ ಡಬ್ಬಿಗಳ ಹಿಂದೆ ಇಡುತ್ತಿದ್ದೆ. ನೀನೂ ಸಾವಿತ್ರಿಯೂ ಬಂದು ಒಯ್ಯುತ್ತಿದ್ದಿರಿ — ಗೆಳತಿಯರಲ್ಲಿ ಆಕೆಗೊಬ್ಬಳಿಗೇ ನೀನು ಹೇಳಿದ್ದೆ. ನಿನ್ನ ಅವ್ವ ಬಸವ್ವ ಮಾತ್ರ ನಳದ ಹತ್ತಿರ, “ನಮ್ಮ ನೀಲಿ ಇನ್ನಾ ಕೂಸು, ಮೈ ಕೈ ತುಂಬವಲ್ವು” ಎಂದು ಮರುಗುತ್ತಿದ್ದಳು.

ಆ ಮಳೆಗಾಲ ನನ್ನ ಮಗನಿಗೆ ಡೆಂಗಿ ಜ್ವರ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ಆತ ಕಣ್ಣು ಬಿಡದೆ ಮಲಗಿದ್ದಾಗ ದೇವಿಗೆ ಹರಕೆ ಹೊತ್ತೆ — ಮಗ ಎದ್ದು ಮನೆಗೆ ಬಂದರೆ, ಮೈನೆರೆಯದ ಐದು ಹುಡುಗಿಯರನ್ನು ಬಾಲಮುತ್ತೈದೆಯರೆಂದು ಕೂರಿಸಿ, ಹೋಳಿಗೆ ಉಣಿಸಿ, ಉಡಿ ತುಂಬುತ್ತೇನೆ ಎಂದು. ಮಗ ಎದ್ದು ಬಂದ.

ಹರಕೆ ತೀರಿಸುವ ಶುಕ್ರವಾರ ನಿನ್ನ ಅವ್ವ ನನ್ನ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ನಾಲ್ವರು ಹುಡುಗಿಯರು ಬಂದು ಕೂತಿದ್ದರು. ಐದನೆಯವಳು ಅಜ್ಜಿ ತೀರಿಕೊಂಡಳೆಂದು ಗಂಗಾವತಿಗೆ ಹೋಗಿದ್ದಳು. ನಾನು ಪೇಚಾಡುವುದನ್ನು ನೋಡಿ ಬಸವ್ವ ಕೈಯ ಹಿಟ್ಟು ಕೊಡವಿದಳು. “ಅದಕ್ಯಾಕ ಅಷ್ಟು ಚಿಂತಿ ಮಾಡ್ತೀರಿ ಅಕ್ಕಾರ? ನಮ್ಮ ನೀಲಿ ಈಗ ಸಾಲಿಯಿಂದ ಬರ್ತಾಳ. ಆಕಿನ್ನ ಕೂಡಸ್ರಿ.”

“ಆಕಿ ಬ್ಯಾಡ.”

ಅಷ್ಟೇ ಅಂದೆ. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತ್ತು. ಮುಟ್ಟು ಕಂಡವಳು ಆ ಮಣೆಯ ಮೇಲೆ ಕೂತು, ಹರಕೆ ಕೆಟ್ಟು, ನನ್ನ ಮಗನಿಗೆ ಮತ್ತೆ ಏನಾದರೂ... ಶನಿವಾರ ಮೈಲಿಗೆ ಅಲ್ಲ ಎಂದು ಹೇಳಿಸುವವಳು ಶುಕ್ರವಾರ ಮೈಲಿಗೆಗೆ ಹೆದರಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

“ಯಾಕ್ರಿ?” ಎಂದಳು ಬಸವ್ವ. ಹುಡುಗಿ ಬರುವುದು ತಡವಾದೀತು, ದಣಿದಿರುತ್ತಾಳೆ — ಏನಾದರೂ ಅನ್ನಬಹುದಿತ್ತು. ನಾನು ತಲೆ ತಗ್ಗಿಸಿ ಒಲೆಯ ಉರಿ ಸಣ್ಣ ಮಾಡಿದೆ. ತಾಯಿಗೆ ಅಷ್ಟೇ ಸಾಕಾಯಿತು. “ಯಾವಾಗಿಂದ?” ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಲಟ್ಟಣಿಗೆ ಬಿಟ್ಟು ಎದ್ದು ಹೋದಳು. ನಾನು ಪಕ್ಕದ ಓಣಿಯಿಂದ ಒಂದು ಸಣ್ಣ ಹುಡುಗಿಯನ್ನು ಕರೆತಂದು ಐದನೆಯ ಮಣೆಯ ಮೇಲೆ ಕೂರಿಸಿದೆ.

ಆ ವಾರವೇ ನಿನ್ನನ್ನು ಸಾಲಿ ಬಿಡಿಸಿದರು. ಸಾವಿತ್ರಿಯೇ ಬಾಯಿ ಬಿಟ್ಟಳೆಂದು ತಿಳಿದು ನೀನು ನಳದ ಮುಂದೆ ಆಕೆಯ ಕೊಡ ಒದ್ದು, “ಇನ್ನ ನಿನ್ನ ಮಾರಿ ನೋಡಂಗಿಲ್ಲ” ಎಂದೆ. ನಾನು ಅಲ್ಲೇ ಇದ್ದೆ. ಸಾವಿತ್ರಿ ಅಳುತ್ತಾ ನನ್ನ ಕಡೆ ನೋಡಿದಳು — ನೀವರ ಹೇಳ್ರಿ ಎನ್ನುವಂತೆ. ನಾನು ನನ್ನ ಕೊಡ ಎತ್ತಿಕೊಂಡು ಮನೆಗೆ ಬಂದೆ.

ಮದುವೆ ನಿಲ್ಲಿಸಲು ಮಕ್ಕಳ ಸಹಾಯವಾಣಿಗೆ ಒಂದು ಫೋನು ಸಾಕಿತ್ತು. ಅದು ನನ್ನ ಕೆಲಸವೇ ಆಗಿತ್ತು. ಆದರೆ ವಿಚಾರಿಸಲು ಬಂದವರು, ಮಾತು ಯಾರಿಂದ ಹೊರಬಿತ್ತು ಎಂದು ಕೇಳಿದರೆ — ಆ ಹೆದರಿಕೆಗೆ ಸುಮ್ಮನಾದೆ. ಒಂದು ನಸುಕಿನಲ್ಲಿ ನಿನ್ನನ್ನು ಟಂಟಂನಲ್ಲಿ ಹನುಮಸಾಗರಕ್ಕೆ ಒಯ್ದು ತಾಳಿ ಕಟ್ಟಿಸಿದರು. ಗಾಡಿಯ ಸದ್ದು ನನಗೆ ಹಾಸಿಗೆಯಲ್ಲೇ ಕೇಳಿಸಿತು.

ಈಗ ಮಗ ನನ್ನೆತ್ತರಕ್ಕೆ ಬೆಳೆದಿದ್ದಾನೆ. ಸಭೆಗಳು ಈಗಲೂ ನಡೆಯುತ್ತವೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನುವ ಮಾತು ಮಾತ್ರ ಆಡುವುದಿಲ್ಲ. ಹುಡುಗಿಯರು ಹತ್ತಿರ ಬಂದು ಕೂತರೆ ನಾನೇ ಸರಿದು ಕೂರುತ್ತೇನೆ. ಗಂಡನಿಗೂ ಇದು ಗೊತ್ತಿಲ್ಲ. ಊರ ಹೆಣ್ಣುಮಕ್ಕಳ ಗುಟ್ಟೆಲ್ಲ ಕೇಳಿದವಳಿಗೆ ತನ್ನದೊಂದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ, ನೀಲವ್ವ.

ಮೊನ್ನೆ ತವರಿಗೆ ಬಂದಾಗ ನೀನು ನಿನ್ನ ಮಗಳನ್ನು ನನ್ನ ತೊಡೆಯ ಮೇಲೆ ಹಾಕಿದೆ. “ಇಕಿ ದೊಡ್ಡಾಕಿ ಆದ್ರ ಮೊದ್ಲು ನಿನಗ ಹೇಳ್ತೀನಿ ಅಕ್ಕಾ. ನನ್ನ ಮಾತು ಹೊರಗ ಹಾಕದಾಕಿ ನೀ ಒಬ್ಬಾಕಿನ” ಎಂದು ನಕ್ಕೆ. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು. ನಾನೂ ನಕ್ಕೆ. ಥೂ ನನ್ನ ಬಾಳಿಗೆ.

ನಿನ್ನೆ ಸಾವಿತ್ರಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. “ನನಗ ಹೇಳಿ ಏನ ಮಾಡ್ತೀರಿ? ಆಕಿಗೆ ಹೇಳ್ರಿ” ಎಂದಳು.

ನಾಳೆ ಹನುಮಸಾಗರದ ಬಸ್ಸು ಹತ್ತುತ್ತೇನೆ. ಬರೆದದ್ದನ್ನು ಕೈಗಿಟ್ಟು ಓಡಿ ಬರುವುದಿಲ್ಲ — ಎದುರಿಗೆ ಕೂತು, ಅಂದು ಆಡಿದ ಈ ಬಾಯಿಂದಲೇ ಹೇಳುತ್ತೇನೆ. ಆಗ ನೀನು ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡರೆ, ಎತ್ತಿಕೋ.