ಬೀಗ ಹಾಕಿದ ಹುಡುಗಿ

ಶಿಸ್ತು ಸಮಿತಿಗೆ ನನ್ನನ್ನು ಅಧ್ಯಕ್ಷೆಯನ್ನಾಗಿ ಮಾಡಿದಾಗ ಕುಲಪತಿಗಳು ಕೊಟ್ಟ ಕಾರಣ ಸರಳವಾಗಿತ್ತು: ನನಗೆ ಗಂಡ-ಮಕ್ಕಳ ಜಂಜಾಟವಿಲ್ಲ, ಯಾರ ಮುಲಾಜೂ ಇಲ್ಲ. ಹೊಗಳಿಕೆಯೆಂದೇ ಹೇಳಿದರು. ನಾನೂ ನಕ್ಕು ಒಪ್ಪಿಕೊಂಡೆ. ಸಂಜೆ ಮಾಳಮಡ್ಡಿಯ ಮನೆಯಲ್ಲಿ ಒಬ್ಬಳೇ ಚಹಾ ಸೋಸುವಾಗ ಆ ಮಾತು ಬೇರೆಯಾಗಿ ಕೇಳಿಸಿತು.

ಮೊದಮೊದಲು ಬಂದವು ಸಣ್ಣ ಪ್ರಕರಣಗಳು: ಪರೀಕ್ಷೆಯಲ್ಲಿ ಚೀಟಿ, ಹಾಸ್ಟೆಲಿನಲ್ಲಿ ಜಗಳ. ಆದರೂ ನಾನು ಕಾರಿಡಾರಿಗೆ ಕಾಲಿಟ್ಟರೆ ಮಾತು ನಿಲ್ಲತೊಡಗಿತು. ಸಹೋದ್ಯೋಗಿಗಳು ಚಹಾಕ್ಕೆ ಹೋಗುವಾಗ ನನ್ನ ಬಾಗಿಲು ತಟ್ಟುವುದನ್ನು ಬಿಟ್ಟರು.

ಆಮೇಲೆ ಬೀಗದ ಪ್ರಕರಣ ಬಂತು. ಫಲಿತಾಂಶ ತಡವಾಯಿತೆಂದು ಎಂ.ಎ. ವಿದ್ಯಾರ್ಥಿಗಳು ನಮ್ಮ ವಿಭಾಗದ ಮುಖ್ಯಸ್ಥರು ಒಳಗಿರುವಾಗಲೇ ಅವರ ಕೋಣೆಗೆ ಹೊರಗಿನಿಂದ ಬೀಗ ಜಡಿದರು. ಸಕ್ಕರೆ ಕಾಯಿಲೆಯ ಮನುಷ್ಯ. ಮೂರು ತಾಸಿನ ನಂತರ ಹೊರಬಂದವರು ಗೋಡೆ ಹಿಡಿದುಕೊಂಡೇ ನಡೆದರು. ಚಾವಿ ಸಿಕ್ಕಿದ್ದು ಒಬ್ಬ ಹುಡುಗಿಯ ಚೀಲದಲ್ಲಿ. ನನ್ನ ತರಗತಿಯವಳೇ, ಒಳ್ಳೆಯ ಪ್ರಶ್ನೆ ಕೇಳುವವಳು. ಜೊತೆಗೆ ಐದಾರು ಜನರಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವರ ಹೆಸರು ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ ಎಂದು ಸಮಿತಿಯ ಪರವಾಗಿ ನಾನೇ ಹೇಳಿದೆ.

"ಚಾವಿ ನನ್ನ ಕಡೆ ಇತ್ರಿ ಮೇಡಂ. ಸರ್‌ಗೆ ತ್ರಾಸ ಆತು, ಅದು ನನ್ನ ತಪ್ಪ. ಉಳಿದವರ ಹೆಸರ ನಾ ಹೇಳೂದಿಲ್ರಿ."

ಅವಳನ್ನು ಒಂದು ವರ್ಷ ವಿಶ್ವವಿದ್ಯಾಲಯದಿಂದ ಹೊರಗಿಡುವ ಆದೇಶಕ್ಕೆ ಸಹಿ ಹಾಕಿದೆ. ಅವಳ ಅಪ್ಪ ತಾರಿಹಾಳದ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದರು. ಬೇಡಿಕೊಳ್ಳುತ್ತಾರೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ನಮ್ಮ ಹುಡುಗಿ ನಿಮ್ಮ ಮುಂದ ಸುಳ್ಳು ಹೇಳಿದ್ಳೇನ್ರಿ?"

ಇಲ್ಲ ಎಂದೆ. "ಹಂಗಾರ ಬರ್ತೀವ್ರಿ," ಎಂದು ಮಗಳನ್ನು ಕರೆದುಕೊಂಡು ಹೋದರು.

ವರ್ಷ ಕಳೆದು ಅವಳು ಮರಳಿದಳು. ಅವಳು ಕಾಪಾಡಿದವರೆಲ್ಲ ಪಾಸಾಗಿ ಹೋಗಿದ್ದರು. ಹೊಸ ಬ್ಯಾಚಿನವರು ಹತ್ತಿರ ಕೂಡುತ್ತಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ಅವಳು ಬಿಟ್ಟುಬಿಟ್ಟಿದ್ದಳು. ಮಧ್ಯಾಹ್ನ ಕ್ಯಾಂಟೀನಿನ ಒಂದು ಮೂಲೆಯಲ್ಲಿ ಅವಳು, ಇನ್ನೊಂದರಲ್ಲಿ ನಾನು. ಒಂದು ತಿಂಗಳು ಹೀಗೇ ನೋಡಿ, ಕೊನೆಗೊಂದು ದಿನ ನನ್ನ ಡಬ್ಬಿ ಎತ್ತಿಕೊಂಡು ಅವಳ ಮೇಜಿಗೆ ಹೋಗಿ, ಕೂಡಬಹುದೇ ಎಂದು ಕೇಳಿದೆ.

ಅವಳು ಚೀಲ ಸರಿಸಿದಳು. "ಕೂಡ್ರಿ ಮೇಡಂ. ಆದ್ರ ಅದರ ಬಗ್ಗೆ ಮಾತ ಬ್ಯಾಡ್ರಿ."

ಅವಳ ರೊಟ್ಟಿ, ಶೇಂಗಾ ಚಟ್ನಿ. ನನ್ನ ಬೆಳಗಿನ ಚಪಾತಿ. ವಾರಕ್ಕೆರಡು ಸಲ ಒಟ್ಟಿಗೆ ಉಣ್ಣತೊಡಗಿದೆವು. ಪರೀಕ್ಷೆ ಹತ್ತಿರ ಬಂದಾಗ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ, ಹೆಸರು ಹೇಳದೇ ಇದ್ದದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು.

ಅವಳು ಕೈಯಲ್ಲಿದ್ದ ತುತ್ತು ಮುಗಿಸಿದಳು. "ಅದಕ್ಕಿಲ್ರಿ. ಒಬ್ರಾದ್ರೂ ಫೋನ್ ಮಾಡ್ತಾರ ಅಂದ್ಕೊಂಡಿದ್ದೆ. ಅಷ್ಟ."

ನಾನು ಡಬ್ಬಿ ಮುಚ್ಚಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ. ಇವತ್ತಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ. ಆದರೆ ಅವಳ ಫೋನ್ ನಂಬರು ಆ ವರ್ಷವಿಡೀ ನನ್ನ ಫೈಲಿನಲ್ಲೇ ಇತ್ತು.

ಅವಳು ಪಾಸಾದಳು. ಹೆಬ್ಬಳ್ಳಿಯ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾಳೆಂದು ಕೇಳಿದೆ. ಸಮಿತಿಯಿಂದ ಬಿಡಿಸಿರೆಂದು ನಾನು ಬರೆದುಕೊಟ್ಟ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ, ಹಾಗಾಗಿ ಈಗಲೂ ನಾನೇ ಅಧ್ಯಕ್ಷೆ. ಹೊರಗಿಟ್ಟ ವಿದ್ಯಾರ್ಥಿಗಳಿಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಬಹಳ ಮಂದಿ ಎತ್ತುವುದಿಲ್ಲ.