ಅತ್ತೆಯ ಹಿಮ್ಮಡಿ ಮತ್ತು ನನ್ನ ಕ್ಯಾಲೆಂಡುಲ

ಚೆಂಡುಹೂವಿನ ಊರಲ್ಲಿ ಚೆಂಡುಹೂವಲ್ಲದ್ದನ್ನು ಬೆಳೆಸುವುದು ತಲೆನೋವಿನ ಕೆಲಸ. ಸಾಸಲಿನ ನಮ್ಮ ಮನೆ ಮುಂದೆ ಹಾದುಹೋಗುವವರೆಲ್ಲ "ಇದ್ಯಾಕವ್ವ, ಚೆಂಡೂವ ಇಷ್ಟು ಸೊರಗವೆ?" ಎಂದು ಮರುಗುತ್ತಾರೆ. ಇದು ಕ್ಯಾಲೆಂಡುಲ, ಚೆಂಡುಹೂವಿನಂತೆ ಕಾಣುವ ಬೇರೆಯದೇ ಹೂವು ಎಂದರೆ ಮರುಕ ನನ್ನ ಕಡೆಗೆ ತಿರುಗುತ್ತದೆ.

ಅಡುಗೆಮನೆ ಗೋಡೆಯಲ್ಲಿ ರಾಹುಕಾಲ ತೋರಿಸುವ ಕ್ಯಾಲೆಂಡರಿಗೂ ಈ ಹೆಸರಿಗೂ ಮೂಲ ಒಂದೇ ಅಂತೆ. ತಿಂಗಳು ತಿಂಗಳೂ ಅರಳುವ ಹೂವೆಂದು ಯಾರೋ ಹೊಗಳಿ ಇಟ್ಟದ್ದು. ಅವರು ನಮ್ಮ ಏಪ್ರಿಲ್ ಬಿಸಿಲು ಕಂಡವರಲ್ಲ. ಇಲ್ಲಿ ಅದು ಅವರೆಕಾಯಿಯ ಜೊತೆ ಬಂದು, ಬೇಸಿಗೆಗೆ ಗಂಟುಮೂಟೆ ಕಟ್ಟುತ್ತದೆ. ಇರುವಷ್ಟು ದಿನ ಮಾತ್ರ ಉದಾರಿ, ಕಿತ್ತಷ್ಟೂ ಬಿಡುತ್ತದೆ.

ನಾನು ಬೆಳೆಸಿದ್ದು ಅಂದಕ್ಕಲ್ಲ, ಅತ್ತೆಯ ಹಿಮ್ಮಡಿಗೆ. ಚಳಿಗಾಲದಲ್ಲಿ ಅದು ಬತ್ತಿದ ಕೆರೆಯಂಗಳದಂತೆ ಬಿರಿಯುತ್ತದೆ. ಈ ಸಲವಂತೂ ಹೊಲಕ್ಕೆ ಹೋಗುವುದನ್ನೇ ಬಿಟ್ಟು ಜಗಲಿ ಹಿಡಿದರು. ಹೊಲ ಕಾಣದೆ ಮಂಕಾದ ಅವರನ್ನು ನೋಡಿ ನನಗೆ ಸಂಕಟವಾಯಿತು. ಎಸಳು ಬಿಡಿಸಿ, ನೆರಳಲ್ಲಿ ಒಣಗಿಸಿ, ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ, ವಾರಗಟ್ಟಲೆ ಬಿಸಿಲಿಗಿಟ್ಟು ಸೋಸಿದೆ. ಸೀಸೆ ಹಿಡಿದು ನಾಟಿ ವೈದ್ಯಳ ಗತ್ತಿನಲ್ಲಿ ಅವರ ಮುಂದೆ ಕುಳಿತೆ.

ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ಹೂವ ಕಾಲಿಗೆ ಬಳ್ಕೊಳ್ಳೋದಾ? ಬೆಳಗ್ಗೆ ಇದನ್ನೇ ದೇವ್ರ ತಲೆ ಮೇಲೆ ಇಟ್ಟಿದ್ದೀನಿ ಕಣವ್ವ!"

ಬಾಡಿದ ಹೂವನ್ನೂ ಯಾರೂ ತುಳಿಯದಂತೆ ಗಿಡದ ಬುಡಕ್ಕೆ ಹಾಕುವ ಮನೆ ನಮ್ಮದು. ಇಷ್ಟು ವರ್ಷ ಬಾಳಿಯೂ ನನಗದು ಹೊಳೆಯಲಿಲ್ಲ. ಒಡೆದ ಚರ್ಮಕ್ಕೆ ಹಿತ ಎಂದು ಓದಿದ್ದೆ, ಮಡಿವಂತ ಹಿಮ್ಮಡಿಗೆ ಏನು ಮಾಡಬೇಕೆಂದು ಎಲ್ಲೂ ಓದಿರಲಿಲ್ಲ.

ಪೆಚ್ಚುಮೋರೆ ಹಾಕಿಕೊಂಡು ಸೀಸೆ ಮುಚ್ಚುವಾಗ, ಪಾತ್ರೆ ಸೋಪಿಗೆ ಬಿರಿದ ನನ್ನ ಕೈ ಅವರ ಕಣ್ಣಿಗೆ ಬಿತ್ತು. "ಕೊಡಿಲ್ಲಿ" ಎಂದು ಸೀಸೆ ಕಿತ್ತುಕೊಂಡರು. ಅಂಗೈ ತುಂಬ ಎಣ್ಣೆ ಸುರಿದುಕೊಂಡು ನನ್ನ ಬೆರಳು ಬೆರಳಿಗೂ ತಿಕ್ಕಿದರು. ಅಮ್ಮ ಹೋದಮೇಲೆ ಯಾರೂ ನನ್ನ ಕೈಯನ್ನು ಹಾಗೆ ಹಿಡಿದಿರಲಿಲ್ಲ; ಕಣ್ಣು ತುಂಬಿತು. ತಿಕ್ಕಿ ಮುಗಿದರೂ ಅವರ ಅಂಗೈಯಲ್ಲಿ ಎಣ್ಣೆ ಉಳಿದಿತ್ತು. ಅದನ್ನೊಮ್ಮೆ ನೋಡಿದರು, ದೇವರ ಮನೆಯ ಕಡೆಗೊಮ್ಮೆ ನೋಡಿದರು, ಆಮೇಲೆ ನೆರಿಗೆ ಸರಿಸಿ ಹಿಮ್ಮಡಿಗೆ ಒರೆಸಿಕೊಂಡರು.

"ಎಣ್ಣೆ ದಂಡ ಮಾಡಕ್ಕಾಯ್ತದಾ?" ಎಂದರು, ನಾನು ಏನೂ ಕೇಳದಿದ್ದರೂ.

ಅಂದಿನಿಂದ ದಿನಾ ಮಧ್ಯಾಹ್ನ ನನ್ನ ಕೈಗೆ ಎಣ್ಣೆಸೇವೆ. ಅಂಗೈಯಲ್ಲಿ ಉಳಿಯುವ ಎಣ್ಣೆ ದಿನೇ ದಿನೇ ಹೆಚ್ಚುತ್ತಿದೆ. ಮೊನ್ನೆ ಅತ್ತೆ ಹೊಲಕ್ಕೆ ಹೋಗಿ, ಸೊಗಡು ಅವರೆ ಮಡಿಲು ತುಂಬ ಕಿತ್ತು ತಂದರು. ನನ್ನ ಕೈ ಎಂದೋ ವಾಸಿಯಾಗಿದೆ. ಆದರೂ ಮಧ್ಯಾಹ್ನವಾದರೆ, ಉರಿಯುತ್ತಿದೆ ಎಂಬಂತೆ ಮುಖ ಮಾಡಿ ಅವರ ಮುಂದೆ ಕೈ ಚಾಚುತ್ತೇನೆ.